ನೇಕಾರ ಮುಚ್ಚಿದ ಕಿಟಕಿ

"ಗುರುಗಳೇ, ಆರು ತಿಂಗಳಿಂದ ನಿಮ್ಮನ್ನು ಬಿಟ್ಟು ಯಾರ ಮುಖವನ್ನೂ ನೋಡದೆ ಕೋಣೆಯಲ್ಲಿ ಧ್ಯಾನಕ್ಕೆ ಕುಳಿತಿದ್ದೇನೆ. ಆದರೂ ಮನಸ್ಸಿನಲ್ಲಿ ಕೊಳೆ ಬೆಳೆಯುತ್ತಲೇ ಇದೆ. ಇನ್ನು ಯಾವ ಬಾಗಿಲು ಮುಚ್ಚಲಿ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ನಕ್ಕರು. "ನಿನ್ನಂಥವನೇ ಒಬ್ಬ ನೇಕಾರನಿದ್ದ, ಕೇಳು" ಎಂದು ಕತೆ ಹೇಳಿದರು.

ನೇಕಾರ ರೇಷ್ಮೆ ಸೀರೆ ನೇಯುತ್ತಿದ್ದ. ಒಣಗಾಳಿ ಬಡಿದರೆ ಮಗ್ಗದ ಎಳೆ ಹರಿಯುತ್ತದೆ ಎಂಬುದು ಆ ಕಸುಬಿನವರ ಹೆದರಿಕೆ. ಸುಳ್ಳೇನಲ್ಲ. ಆದರೆ ಇವನದು ಅತಿಯಾಯಿತು. ಮನೆಗಿದ್ದ ಒಂದೇ ಕಿಟಕಿಗೆ ಹಲಗೆ ಹೊಡೆದ. ಗಾಳಿ ತೇವವಾಗಿರಲೆಂದು ದಿನಕ್ಕೆರಡು ಸಲ ನೆಲಕ್ಕೆ ನೀರು ಚಿಮುಕಿಸತೊಡಗಿದ. ಎಳೆ ಹರಿಯುವುದು ನಿಂತಿತು. ಊರಲ್ಲಿ ತನ್ನಷ್ಟು ಜಾಣನಿಲ್ಲ ಎಂದು ಬೀಗಿದ.

ಗೋಡೆಗೆ ಬೂಷ್ಟು ಬಂತು. ಸುಣ್ಣ ಬಳಿದ. ತಿಂಗಳೊಳಗೆ ಸುಣ್ಣದ ಮೇಲೆಯೇ ಕಪ್ಪು ಚುಕ್ಕೆಗಳೆದ್ದವು. ಮತ್ತೆ ಬಳಿದ, ಮತ್ತೆ ಎದ್ದವು. ಆ ಗೋಡೆಯ ಪಕ್ಕದಲ್ಲೇ ಕೂತು ನೂಲು ಸುತ್ತುತ್ತಿದ್ದ ಹೆಂಡತಿಗೆ ಕೆಮ್ಮು ಹಿಡಿಯಿತು. ಬರಬರುತ್ತಾ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಯಾವ ಕಷಾಯವೂ ನಾಟಲಿಲ್ಲ. ಅವಳು ಉಳಿಯುವುದಿಲ್ಲವೇನೋ ಎಂದು ನೇಕಾರನ ಜೀವ ಬಾಯಿಗೆ ಬಂತು. ಆಗಲೂ ಆ ಪುಣ್ಯಾತ್ಮನಿಗೆ ಹೊಳೆದದ್ದು ಸುಣ್ಣವೇ! ಈ ಸಲ ದಪ್ಪಗೆ ಬಳಿಸೋಣವೆಂದು ಒಬ್ಬ ಮುದಿ ಗೌಂಡಿಯನ್ನು ಕರೆತಂದ.

ಗೌಂಡಿ ಗೋಡೆ ಮುಟ್ಟಿದ. ಬೆರಳು ಮೂಸಿದ. ಮೂಲೆಯಲ್ಲಿ ಕೆಮ್ಮುತ್ತಿದ್ದ ಹೆಂಡತಿಯ ಕಡೆ ನೋಡಿದ. ಕುಂಚ ಕೆಳಗಿಟ್ಟ.

"ನಾ ಸುಣ್ಣ ಹಚ್ಚಂಗಿಲ್ಲ. ಮೊದಲ ಆ ಕಿಟಕಿ ತಗಿ."

"ತಗದ್ರ ಎಳಿ ಹರೀತಾವ್ರಿ ಕಾಕಾ!" ಎಂದ ನೇಕಾರ.

"ಹರದ ಎಳಿಗೆ ಗಂಟು ಹಾಕಾಕ ಬರತೈತಿ. ನಿನ್ನ ಹೆಂಡ್ತಿ ಉಸಿರಿಗೆ ಎಲ್ಲಿ ಗಂಟು ಹಾಕ್ತಿ?"

ನೇಕಾರ ಅಂದೇ ಹಲಗೆ ಕಿತ್ತ. ನೆಲಕ್ಕೆ ನೀರು ಚಿಮುಕಿಸುವುದನ್ನು ಬಿಟ್ಟ. ಗೋಡೆಗೆ ಒತ್ತಿಕೊಂಡಿದ್ದ ಪೆಟ್ಟಿಗೆಗಳನ್ನು ಒಂದು ಮೊಳ ಈಚೆಗೆಳೆದ. ಅವನೂ ಗೌಂಡಿಯೂ ಸೇರಿ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರು. ಗೋಡೆ ಪೂರ್ತಿ ಒಣಗಿದ ಮೇಲೆಯೇ ಗೌಂಡಿ ಸುಣ್ಣ ಹಚ್ಚಿದ.

ಮೊದಲ ದಿನ ಒಂಬತ್ತು ಎಳೆ ಹರಿದವು. ನೇಕಾರ ಗೊಣಗುತ್ತಲೇ ಗಂಟು ಹಾಕಿದ. ಮರುದಿನ ಐದು ಹರಿದವು. ಆಮೇಲೆ ಅವನು ಎಣಿಸುವುದನ್ನೇ ಮರೆತ. ಎರಡು ತಿಂಗಳು ಕಳೆದು ಒಂದು ಬೆಳಗ್ಗೆ ಹೆಂಡತಿ ತಾನೇ ಬಾವಿಯಿಂದ ಕೊಡ ಹೊತ್ತು ತಂದಳು. ಕೆಮ್ಮಲಿಲ್ಲ. ಏದುಸಿರು ಬಿಡಲಿಲ್ಲ. "ಎದ್ದು ಕೈ ಕೊಡ್ರಿ, ಕೊಡ ಇಳಸೂಣು" ಎಂದಳು. ನೇಕಾರ ಏಳಲಾರದೆ ಮಗ್ಗದಲ್ಲೇ ಕೂತು ಗಳಗಳನೆ ಅತ್ತ. ಅಳುವುದರಲ್ಲಿ ಅಷ್ಟು ಸುಖವಿದೆಯೆಂದು ಅವನಿಗೆ ಅಂದೇ ತಿಳಿದದ್ದು.

ಕತೆ ಮುಗಿಯಿತು. ಚೆನ್ನವೀರ, "ಬಾಗಿಲು ತೆರೆದರೆ ನನ್ನ ಧ್ಯಾನ ಕೆಡುವುದಿಲ್ಲವೇ, ಗುರುಗಳೇ?" ಎಂದ.

"ನಿನ್ನ ಅಕ್ಕ ಬುತ್ತಿ ಕಟ್ಟಿಕೊಂಡು ಬಂದು ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದಾಳೆ, ಇದು ನಾಲ್ಕನೆಯ ಸಲ" ಎಂದರು ಗುರುಗಳು.

ಚೆನ್ನವೀರ ಎದ್ದು ಬಾಗಿಲ ಕಡೆ ನಡೆದ.