ಹನ್ನೆರಡು ಗೆಣ್ಣು

"ಗುರುಗಳೇ, ಒಬ್ಬ ಒಳ್ಳೆಯ ಮೇಷ್ಟ್ರಿಗೆ ಎಷ್ಟು ಅಭ್ಯಾಸಗಳು ಇರಬೇಕು?"

ಕೇಳಿದವನು ಸೋಮಲಿಂಗ. ಆಶ್ರಮದ ಶಾಲೆಯಲ್ಲಿ ಪಾಠ ಹೇಳಲು ಸೇರಿ ಅವನಿಗೆ ಎರಡು ವರ್ಷವಾಗಿತ್ತು. ಕೈಯಲ್ಲಿ ಒಂದು ನೋಟುಬುಕ್ಕು ಇತ್ತು. ಗುರುಗಳು ಅದರ ಕಡೆ ನೋಡಿ, "ನೀನು ಎಷ್ಟು ಬರೆದುಕೊಂಡಿದ್ದೀಯ?" ಎಂದರು.

"ಇಪ್ಪತ್ತೊಂದು. ಹೊತ್ತಿಗೆ ಮುಂಚೆ ಬರುವುದು, ಪಾಠವನ್ನು ಹಿಂದಿನ ದಿನವೇ ಓದಿಕೊಳ್ಳುವುದು, ಹಲಗೆಯ ಮೇಲೆ ದುಂಡಗೆ ಬರೆಯುವುದು, ಹೀಗೆ. ಎಲ್ಲವನ್ನೂ ಪಾಲಿಸುತ್ತಿದ್ದೇನೆ. ನನ್ನ ತರಗತಿಯಲ್ಲಿ ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಬರುತ್ತದೆ. ಆದರೂ ಪರೀಕ್ಷೆಯಲ್ಲಿ ಅರ್ಧ ಮಕ್ಕಳು ಖಾಲಿ ಹಾಳೆ ಕೊಡುತ್ತಾರೆ. ಯಾವ ಅಭ್ಯಾಸ ಬಿಟ್ಟುಹೋಗಿದೆಯೋ ತಿಳಿಯದು."

"ಇಪ್ಪತ್ತೊಂದು! ಮಕ್ಕಳಿಗೆ ಪಾಠ ಹೇಳುತ್ತಿದ್ದೀಯೋ, ಗಣಪತಿಗೆ ಗರಿಕೆ ಏರಿಸುತ್ತಿದ್ದೀಯೋ?" ಎಂದು ಗುರುಗಳು ನಕ್ಕರು. "ಅದನ್ನು ಮುಚ್ಚಿಡು. ಒಂದೇ ಒಂದು ಅಭ್ಯಾಸವಿದ್ದ ಮೇಷ್ಟ್ರ ಕತೆ ಹೇಳುತ್ತೇನೆ. ಅದೂ ಅವರ ಸ್ವಂತದ್ದಲ್ಲ, ಒಬ್ಬ ಹುಡುಗಿ ಕಲಿಸಿದ್ದು."

ಕಲ್ಲು ಒಡೆಯುವವರ ಒಂದು ಊರು. ಆ ಊರಿಗೆ ಒಂದು ಕೋಣೆಯ ಶಾಲೆ, ಹದಿನೆಂಟು ಮಕ್ಕಳು, ಒಬ್ಬ ಮೇಷ್ಟ್ರು. ಮೇಷ್ಟ್ರು ಬಲು ಚುರುಕು. ಎಲ್ಲವೂ ಪಟಪಟನೆ ಆಗಬೇಕು. ಅವರು ಪ್ರಶ್ನೆ ಕೇಳುತ್ತಿದ್ದರು, ಮುಂದಿನ ಸಾಲಿನಿಂದ ಗೌಡನ ಮಗ ಉತ್ತರ ಹೇಳುತ್ತಿದ್ದ, ಇವರು ಭೇಷ್ ಎನ್ನುತ್ತಿದ್ದರು, ಪಾಠ ಮುಂದಕ್ಕೆ ಓಡುತ್ತಿತ್ತು. ಉಳಿದ ಹದಿನೇಳು ಮಕ್ಕಳು ಬಸ್ಸು ತಪ್ಪಿಸಿಕೊಂಡವರ ಹಾಗೆ ಕೂತಿರುತ್ತಿದ್ದರು. ಅವರೆಲ್ಲ ದಡ್ಡರು ಎಂದು ಮೇಷ್ಟ್ರು ತೀರ್ಮಾನ ಮಾಡಿಬಿಟ್ಟಿದ್ದರು. ಅದರಲ್ಲೂ ಕಡೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂರುವ ಹೊನ್ನೂರಮ್ಮ ಎಂಬ ಹುಡುಗಿಯ ವಿಷಯದಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಅವಳು ಶಾಲೆಗೆ ಸೇರಿ ಒಂದು ವರ್ಷವಾಗಿದ್ದರೂ ಅವಳ ಧ್ವನಿ ಹೇಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ದಿನಾ ಮಕ್ಕಳು ತಂದುಕೊಟ್ಟ ನೀರು ಕುಡಿಯುತ್ತಿದ್ದ ಮೇಷ್ಟ್ರು, ಬೇಸಿಗೆಯ ಒಂದು ದಿನ ಬಾಯಾರಿ ತಾವೇ ಶಾಲೆಯ ಮುಂದಿನ ಬೋರಿಂಗಿಗೆ ಹೋದರು. ಅದರ ಹಿಡಿಯನ್ನು ಐದು ಸಲ ಒತ್ತಿದರು. ನೀರು ಬರಲಿಲ್ಲ. "ದರಿದ್ರದ್ದು, ಒಣಗಿಹೋಗಿದೆ" ಎಂದು ಹಿಡಿ ಬಿಟ್ಟು ತಿರುಗಿದರು. ಹಿಂದೆ ಕೊಡ ಹಿಡಿದುಕೊಂಡು ಹೊನ್ನೂರಮ್ಮ ನಿಂತಿದ್ದಳು.

"ಒಣಗಿಲ್ಲ ಸಾ. ನೀರು ಆಳದಾಗೆ ಐತೆ. ಹನ್ನೆರಡು ಸಲ ಒತ್ತಬೇಕು. ನಡುವೆ ಬಿಟ್ರೆ ಮತ್ತೆ ಒಂದರಿಂದ. ಹೊಸಬರೆಲ್ಲ ಐದಕ್ಕೇ ಬಿಟ್ಟು ಬೈಕೊಂಡು ಹೋಗ್ತಾರೆ."

ಅವಳು ಒತ್ತಿದಳು. ಮೇಷ್ಟ್ರು ಮನಸ್ಸಿನಲ್ಲೇ ಎಣಿಸಿದರು. ಹನ್ನೆರಡನೆಯದಕ್ಕೆ ನೀರು ಬಂತು, ತಣ್ಣಗಿತ್ತು. ಆ ಹುಡುಗಿಯ ಧ್ವನಿಯನ್ನು ಅವರು ಕೇಳಿದ್ದು ಅದೇ ಮೊದಲು. ಒಂದು ವರ್ಷದಲ್ಲಿ ಅವಳಿಗಾಗಿ ತಾವು ಐದು ಎಣಿಸುವಷ್ಟು ಹೊತ್ತೂ ಕಾದಿರಲಿಲ್ಲ ಎಂದು ಅವರಿಗೆ ಹೊಳೆಯಿತು. ಬಹಳ ನಾಚಿಕೆಯಾಯಿತು.

ಮರುದಿನದಿಂದ ಅವರು ಒಂದು ಅಭ್ಯಾಸ ಹಿಡಿದರು. ಪ್ರಶ್ನೆ ಕೇಳಿದ ಮೇಲೆ ಹೆಬ್ಬೆರಳನ್ನು ಕಿರುಬೆರಳಿನ ಬುಡದ ಗೆಣ್ಣಿನ ಮೇಲೆ ಇಡುವುದು. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು. ಹೆಬ್ಬೆರಳು ಒಂದೊಂದಾಗಿ ಹನ್ನೆರಡೂ ಗೆಣ್ಣು ದಾಟುವವರೆಗೆ ಕೋಣೆಯಲ್ಲಿ ಯಾರೂ ಬಾಯಿ ಬಿಡಕೂಡದು.

ಇಷ್ಟೇನಾ ಎನ್ನಬೇಡ, ಸೋಮಲಿಂಗ. ಮೊದಲ ದಿನ ಏಳನೆಯ ಗೆಣ್ಣಿಗೆ ಮೇಷ್ಟ್ರು ತಾವೇ ಉತ್ತರ ಹೇಳಿಬಿಟ್ಟರು! ಮಕ್ಕಳು ಬಿದ್ದು ಬಿದ್ದು ನಕ್ಕರು. ಗೌಡನ ಮಗ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಚಡಪಡಿಸಿದ. ಒಂದು ತಿಂಗಳು ಹನ್ನೆರಡು ಗೆಣ್ಣು ದಾಟಿದರೂ ಹಿಂದಿನ ಸಾಲಿನಿಂದ ಸದ್ದೇ ಇಲ್ಲ. ಮೇಷ್ಟ್ರು ಬಿಡಲಿಲ್ಲ. ಎರಡನೆಯ ತಿಂಗಳು ಒಂದು ಮಗು ಬಾಯಿ ಬಿಟ್ಟಿತು. ತಪ್ಪು ಉತ್ತರ. ಮೇಷ್ಟ್ರಿಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು. ಆಮೇಲೆ ಒಬ್ಬೊಬ್ಬರಾಗಿ ಶುರು ಮಾಡಿದರು. ಎಲ್ಲರಿಗಿಂತ ಕಡೆಗೆ ಹೊನ್ನೂರಮ್ಮ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ತಪಾಸಣೆ ಮಾಡಿ, ಸರಿಯಿಲ್ಲದಿದ್ದರೆ ಮುಚ್ಚುತ್ತಾರಂತೆ. ಪಕ್ಕದ ಶಾಲೆಗೆ ನಾಲ್ಕು ಮೈಲಿ. ದಾರಿಯುದ್ದಕ್ಕೂ ಕಲ್ಲಿನ ಲಾರಿಗಳು. ಹೆಣ್ಣುಮಕ್ಕಳನ್ನು ಅಲ್ಲಿಗೆ ಯಾರೂ ಕಳಿಸುವುದಿಲ್ಲ. ಈ ಶಾಲೆ ಮುಚ್ಚಿದರೆ ಮರುದಿನವೇ ಹೊನ್ನೂರಮ್ಮನ ಕೈಗೆ ಸುತ್ತಿಗೆ ಬರುತ್ತದೆ. ಅದು ಮೇಷ್ಟ್ರಿಗೆ ಗೊತ್ತಿತ್ತು, ಹೊನ್ನೂರಮ್ಮನಿಗೂ ಗೊತ್ತಿತ್ತು.

ಗೌಡ ಬಂದು ಹೇಳಿದ: "ಮೇಷ್ಟ್ರೇ, ಸಾಹೇಬ್ರ ಮುಂದೆ ನಿಮ್ಮ ಬೆರಳಾಟ ಬ್ಯಾಡ. ನನ್ ಮಗನ್ನ ಕೇಳ್ರಿ. ಪಟ್ ಅಂತ ಹೇಳ್ತಾನೆ. ಸ್ಕೂಲು ಉಳೀತದೆ."

ಗೌಡ ಹೇಳಿದ್ದು ಸುಳ್ಳಲ್ಲ. ಒಬ್ಬ ಹುಡುಗನ ಬಾಯಿಂದ ಶಾಲೆ ಉಳಿಯುತ್ತಿತ್ತು. ಆದರೆ ಹಾಗೆ ಉಳಿದ ಶಾಲೆ ಆ ಒಬ್ಬ ಹುಡುಗನದೇ ಆಗುತ್ತಿತ್ತು. ಮೇಷ್ಟ್ರು "ಆಗುವುದಿಲ್ಲ ಗೌಡರೇ" ಎಂದು ಒಳಗೆ ಹೋದರು.

ತಪಾಸಣೆಯ ದಿನ ಸಾಹೇಬರು ಬಂದರು. ಕುರ್ಚಿಯಲ್ಲಿ ಕೂತು, ಗಡಿಯಾರ ನೋಡಿಕೊಂಡು, ಕಡೆಯ ಸಾಲಿನ ಕಡೆ ಬೆರಳು ಮಾಡಿದರು. "ಏ ಹುಡುಗಿ, ಏಳು. ಒಂದು ಮನೆಯ ತೊಟ್ಟಿಗೆ ಇಪ್ಪತ್ತನಾಲ್ಕು ಕೊಡ ನೀರು ಬೇಕು. ಅಪ್ಪ, ಅಮ್ಮ, ಮಗಳು ಮೂವರೂ ಸಮನಾಗಿ ಹೊರುತ್ತಾರೆ. ಒಬ್ಬೊಬ್ಬರು ಎಷ್ಟು ಕೊಡ ಹೊತ್ತರು?"

ಹೊನ್ನೂರಮ್ಮ ಎದ್ದು ನಿಂತಳು. ಮೇಷ್ಟ್ರ ಹೆಬ್ಬೆರಳು ಕಿರುಬೆರಳಿಗೆ ಹೋಯಿತು. ಒಂದು, ಎರಡು, ಮೂರು. ಐದನೆಯ ಗೆಣ್ಣಿಗೆ ಸಾಹೇಬರು, "ಇವಳ ತಲೆಗೆ ಹತ್ತುವ ವಿಷಯವಲ್ಲ ಇದು. ನೀನು ಹೇಳಪ್ಪ" ಎಂದು ಗೌಡನ ಮಗನ ಕಡೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ಗೌಡನ ಮುಖ ಅರಳಿತು.

ಮೇಷ್ಟ್ರು ಹೋಗಿ ಕುರ್ಚಿಗೂ ಹುಡುಗನಿಗೂ ನಡುವೆ ನಿಂತುಬಿಟ್ಟರು.

"ಸ್ವಾಮಿ, ಪ್ರಶ್ನೆ ಅವಳದು. ಅವಳು ಇನ್ನೂ ಯೋಚನೆ ಮಾಡುತ್ತಿದ್ದಾಳೆ."

"ನಾನು ಯಾರು ಅಂತ ಗೊತ್ತೇನ್ರೀ?"

"ಗೊತ್ತು. ಈ ಶಾಲೆ ಮುಚ್ಚಬಲ್ಲವರು. ಮುಚ್ಚುವುದಾದರೆ ಅವಳ ಉತ್ತರ ಕೇಳಿ ಮುಚ್ಚಿ. ಈಗ ನೀವು ನಡುವೆ ಬಾಯಿ ಹಾಕಿದಿರಿ. ಮತ್ತೆ ಒಂದರಿಂದ ಎಣಿಸಬೇಕು."

ಎಂದವರೇ ಎಲ್ಲರಿಗೂ ಕಾಣುವ ಹಾಗೆ ಕೈ ಎತ್ತಿ ಹೆಬ್ಬೆರಳನ್ನು ಕಿರುಬೆರಳಿನ ಬುಡಕ್ಕೆ ಇಟ್ಟರು. ಸಾಹೇಬರ ಮುಖ ಕೆಂಪಾಯಿತು. ಮೇಷ್ಟ್ರ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸಾಗಿತು. ಹತ್ತು ಆಯಿತು. ಹನ್ನೊಂದು ಆಯಿತು. ಹನ್ನೆರಡೂ ಆಯಿತು.

"ಲೆಕ್ಕದ ಪ್ರಕಾರ ಎಂಟೆಂಟು ಸಾ" ಎಂದಳು ಹೊನ್ನೂರಮ್ಮ. "ಆದ್ರೆ ಅದು ಯಾರ ಮನೆಯೋ ಏನೋ. ನಮ್ಮನೇಲಿ ಅಪ್ಪ ಕೊಡ ಮುಟ್ಟಲ್ಲ. ಅಮ್ಮಂಗೆ ಹನ್ನೆರಡು, ನಂಗೆ ಹನ್ನೆರಡು."

ಹೊರಗೆ ಬೋರಿಂಗಿನ ಹತ್ತಿರ ನಿಂತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಸಾಹೇಬರು ನಗಲಿಲ್ಲ. ಅವಳನ್ನು ಒಂದು ಸಲ ನೋಡಿ, ಪಕ್ಕದ ಮಗುವಿಗೆ ಇನ್ನೊಂದು ಪ್ರಶ್ನೆ ಕೇಳಿದರು, ಆಮೇಲೆ ಅದರ ಪಕ್ಕದ ಮಗುವಿಗೆ, ಹೀಗೆ ಹದಿನೆಂಟು ಮಕ್ಕಳಿಗೂ. ಪ್ರತಿ ಸಲವೂ ಹನ್ನೆರಡು ಗೆಣ್ಣು ಕಾಯಲೇಬೇಕಾಯಿತು. ಗೌಡನ ಮನೆಯಲ್ಲಿ ಸಾಹೇಬರಿಗೆಂದು ಮಾಡಿಸಿದ್ದ ಊಟ ಆರಿ ತಣ್ಣಗಾಯಿತು.

ಕಡೆಗೆ ಸಾಹೇಬರು ವರದಿ ಬರೆದರು. ಶಾಲೆ ಇರಲಿ. ಮಕ್ಕಳು ನಿಧಾನ. ಮೇಷ್ಟ್ರು ಉದ್ಧಟ, ಬೇರೆ ಕಡೆಗೆ ಹಾಕತಕ್ಕದ್ದು. ಮೇಷ್ಟ್ರು ಅದನ್ನು ಓದಿ, "ನಿಧಾನ ಎಂದು ಬರೆದಿದ್ದೀರಿ. ಎಲ್ಲರೂ ಉತ್ತರ ಹೇಳಿದರು ಎಂಬುದನ್ನು ಬಿಟ್ಟಿದ್ದೀರಿ" ಎಂದರು. ಸಾಹೇಬರು ಪೆನ್ನು ಜೇಬಿಗೆ ಹಾಕಿಕೊಂಡು ಹೋದರು.

ಗೌಡನಿಗೇ ಮನಸ್ಸು ಕರಗಿ, ಒಂದು ಕ್ಷಮಾಪಣೆ ಪತ್ರ ಬರೆದರೆ ವರ್ಗಾವಣೆ ನಿಲ್ಲಿಸುತ್ತೇನೆ ಎಂದ. ಮೇಷ್ಟ್ರು ಬರೆಯಲಿಲ್ಲ. ತಿಂಗಳೊಳಗೆ ಟ್ರಂಕು ಹೊತ್ತು ಎಲ್ಲೋ ದೂರದ ಊರಿಗೆ ಹೋದರು. ಅಲ್ಲಿ ಮೊದಲ ದಿನವೇ ಹೊಸ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ, ಹೆಬ್ಬೆರಳನ್ನು ಕಿರುಬೆರಳಿನ ಬುಡಕ್ಕೆ ಇಟ್ಟು ನಿಂತರು.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗ ಆಗಲೇ ನೋಟುಬುಕ್ಕು ತೆರೆದಿದ್ದ. ಇಪ್ಪತ್ತೆರಡು ಎಂದು ಸಂಖ್ಯೆ ಹಾಕಿ, ಅದರ ಮುಂದೆ ಹನ್ನೆರಡು ಎಣಿಸುವವರೆಗೆ ಕಾಯುವುದು ಎಂದು ದುಂಡಗೆ ಬರೆದ.

"ತಿಳಿಯಿತು ಗುರುಗಳೇ. ಇಷ್ಟು ಸುಲಭದ್ದು ನನಗೆ ಹೊಳೆದೇ ಇರಲಿಲ್ಲ."

ಗುರುಗಳು ಹೆಬ್ಬೆರಳನ್ನು ಕಿರುಬೆರಳಿನ ಬುಡದ ಗೆಣ್ಣಿನ ಮೇಲೆ ಇಟ್ಟರು.

"ನಿನ್ನ ತರಗತಿಯಲ್ಲಿ ಕಡೆಯ ಸಾಲಿನ ಗೋಡೆಗೆ ಒರಗಿ ಕೂರುವ ಮಗುವಿನ ಧ್ವನಿ ಹೇಗಿದೆ, ಹೇಳು."

ಸೋಮಲಿಂಗ ಬಾಯಿ ತೆರೆದ. ಗುರುಗಳ ಹೆಬ್ಬೆರಳು ಹನ್ನೆರಡೂ ಗೆಣ್ಣು ದಾಟಿತು.