ಮಡಿಯ ತೋಟ

ಹೊಳೆದಂಡೆಯ ಆಶ್ರಮದಲ್ಲಿ ದೇವರ ನೈವೇದ್ಯಕ್ಕೆಂದೇ ಒಂದು ತರಕಾರಿ ತೋಟವಿತ್ತು. ಅದನ್ನು ನೋಡಿಕೊಳ್ಳುವ ಶಿಷ್ಯ ಸೀತಾಪತಿಗೆ ಆ ದಿನ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಕಳೆದ ವರ್ಷದ ಹಾಗೆ ಈ ವರ್ಷವೂ ಬದನೆ ಗೇಣುದ್ದ ಬೆಳೆದು ಹಳದಿಯಾಗಿ ನಿಂತುಬಿಟ್ಟಿತ್ತು. ಬೆಂಡೆಯಂತೂ ಹೂವನ್ನೇ ಬಿಡಲಿಲ್ಲ.

ಒಂದು ಬದನೆ ಗಿಡವನ್ನು ಬೇರುಸಹಿತ ಕಿತ್ತು ತಂದು ಗುರುಗಳ ಮುಂದೆ ಎಸೆದ.

"ನನಗೆ ಬೇರೆ ಜಾಗ ಕೊಡಿ. ಇಲ್ಲದಿದ್ದರೆ ಇವತ್ತೇ ಆಶ್ರಮ ಬಿಟ್ಟು ಹೋಗುತ್ತೇನೆ. ನೀವು ಕೊಟ್ಟಿದ್ದು ಸತ್ತ ಮಣ್ಣು."

ಗುರುಗಳಿಗೂ ಸಿಟ್ಟು ಬಂತು. ಅವರೇನು ಸಿಟ್ಟೇ ಬಾರದ ಮಹಾತ್ಮರಲ್ಲ.

"ನಾನು ಕೊಟ್ಟಾಗ ಅದಕ್ಕೆ ಜೀವವಿತ್ತು ಕಣೋ. ನಡಿ, ಅಗೆದು ತೋರಿಸು."

ಸೀತಾಪತಿ ಹಾರೆ ಹಾಕಿದ. ಕಲ್ಲಿಗೆ ಬಿದ್ದಂತೆ ಠಣ್ಣೆಂದಿತು. ಬೆವರು ಸುರಿಸಿ ಎಬ್ಬಿಸಿದ ಹೆಂಟೆಯನ್ನು ಗುರುಗಳು ಮುರಿದು ಮೂಸಿ ನೋಡಿದರು. ಮಣ್ಣಿನ ವಾಸನೆಯೇ ಇರಲಿಲ್ಲ.

"ಇದರಲ್ಲಿ ಒಂದು ಎರೆಹುಳ ತೋರಿಸು."

"ಹುಳ ಯಾಕಿರಬೇಕು? ಇದು ದೇವರ ತೋಟ. ದಿನಾ ಸ್ನಾನ ಮಾಡಿ, ಮಡಿ ಉಟ್ಟುಕೊಂಡು ಗುಡಿಸುತ್ತೇನೆ. ಒಂದು ಒಣಗಿದ ಎಲೆಯನ್ನೂ ಇಲ್ಲಿ ಬಿದ್ದಿರಲು ಬಿಟ್ಟಿಲ್ಲ."

"ಗುಡಿಸಿದ ಎಲೆ ಏನು ಮಾಡಿದೆ?"

"ಹೊಳೆಗೆ ಹಾಕಿದೆ."

"ಕೊಟ್ಟಿಗೆಯ ಗೊಬ್ಬರ?"

"ಅದೂ ಹೊಳೆಗೇ. ನೈವೇದ್ಯಕ್ಕೆ ಇಡುವ ಬದನೆಯನ್ನು ಕೊಳೆತ ಕಸದಲ್ಲಿ ಬೆಳೆಸಲಾ? ನೀವೇ ಹೀಗೆ ಕೇಳಿದರೆ ಹೇಗೆ?"

ಗುರುಗಳು ಹೆಂಟೆಯನ್ನು ಅಲ್ಲೇ ಹಾಕಿ ಹೊರಟುಹೋದರು. ವಾದದಲ್ಲಿ ಗೆದ್ದೆ ಎಂದು ಸೀತಾಪತಿಗೆ ಒಳಗೊಳಗೇ ಸಮಾಧಾನವಾಯಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಬಾಳೆಲೆಗೆ ಅನ್ನ ಬಿತ್ತು, ಬಿಸಿ ಸಾರು ಬಿತ್ತು. ಅಗೆದು ಅಗೆದು ಸೀತಾಪತಿಯ ಹೊಟ್ಟೆ ಚುರುಗುಟ್ಟುತ್ತಿತ್ತು. ಇನ್ನೇನು ತುತ್ತೆತ್ತಬೇಕು, ಅಷ್ಟರಲ್ಲಿ ಗುರುಗಳು ಬಂದು ಅವನ ಎಲೆಯ ಮೇಲಿದ್ದದ್ದನ್ನೆಲ್ಲ ಬೋಗುಣಿಗೆ ಬಾಚಿಕೊಂಡರು. ನೀರು ಚಿಮುಕಿಸಿ ಎಲೆಯನ್ನು ಒರೆಸಿದರು.

"ಚೊಕ್ಕಟವಾಯಿತು. ಈಗ ಊಟ ಮಾಡು."

"ಏನನ್ನು ಊಟ ಮಾಡಲಿ, ಬರೀ ಎಲೆಯನ್ನಾ?" ಸೀತಾಪತಿ ದಡಕ್ಕನೆ ಎದ್ದ. "ದುಡಿಯುವುದಕ್ಕೆ ನಾನು ಬೇಕು, ಹೊಟ್ಟೆಗೆ ಹಾಕುವುದಕ್ಕೆ ಬೇಡ. ನೀವೆಂಥ ಗುರುಗಳು? ನಾನು ಹೊರಟೆ."

ಪಂಕ್ತಿಯಲ್ಲಿದ್ದವರ ಕೈ ಬಾಯಿಯ ಹತ್ತಿರವೇ ನಿಂತಿತು. ಗುರುಗಳಿಗೆ ಹೀಗೆ ಎದುರುತ್ತರ ಕೊಟ್ಟವರನ್ನು ಅವರು ನೋಡಿರಲಿಲ್ಲ.

ಸೀತಾಪತಿ ಬಾಗಿಲವರೆಗೂ ಹೋಗಿದ್ದ. ಗುರುಗಳು ಕೂಗಲಿಲ್ಲ, ಆದರೆ ಅವರ ಮುಖ ಕೆಂಪಾಗಿತ್ತು.

"ಒಂದು ಹೊತ್ತು ಅನ್ನ ತಪ್ಪಿದ್ದಕ್ಕೆ ನೀನು ಎದ್ದು ಹೊರಟೆ. ಆ ಮಣ್ಣನ್ನು ಎರಡು ವರ್ಷ ಉಪವಾಸ ಕೆಡವಿದ್ದೀಯಲ್ಲ, ಅದು ಎಲ್ಲಿಗೆ ಹೋಗಬೇಕು ಹೇಳು."