ಶೆಟ್ಟಿಯ ಗಳಿಗೆ ಬಟ್ಟಲು

ಒಂದು ಒಗಟು. ಎರಡು ಬಟ್ಟಲು ನೀರಿಗಿಳಿದವು. ಚಿಕ್ಕದು ಮುಳುಗಲೇಬೇಕು, ದೊಡ್ಡದು ಮುಳುಗಲೇಬಾರದು. ಶೆಟ್ಟಿ ಯಾವುದನ್ನು ನೋಡುತ್ತಾ ಕೂತ? ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ. ನಮ್ಮ ಹೆಡ್‌ಮಾಸ್ತರೇ ಎರಡು ದಿನ ಕೆರೆದುಕೊಂಡರು, ಉದುರಿದ್ದು ಹೊಟ್ಟು.

ತುಂಗಭದ್ರೆಯ ದಡದಲ್ಲಿ ದ್ಯಾಮವ್ವ ಮತ್ತು ಅವಳ ಗಂಡ ಹುಲುಗಪ್ಪ ಹರಿಗೋಲು ನಡೆಸುತ್ತಿದ್ದರು. ಅವನು ಹುಟ್ಟು ಹಾಕಿದರೆ, ಅವಳು ಒಳಗೆ ಜಿನುಗಿದ ನೀರನ್ನು ಸೋರೆಬುರುಡೆಯಲ್ಲಿ ಮೊಗೆದು ಹೊರಚೆಲ್ಲುತ್ತಿದ್ದಳು. ಹೊರಡುವ ಮುನ್ನ ಹರಿಗೋಲನ್ನು ಬೋರಲು ಹಾಕಿ, ಚರ್ಮದ ಹೊಲಿಗೆಯನ್ನೆಲ್ಲ ಬೆರಳಿನಿಂದ ತಡವಿ ನೋಡುವುದು ಅವರ ಪದ್ಧತಿ.

ವರ್ತಕ ಕೊಟ್ರಪ್ಪ ಶೆಟ್ಟಿಗೂ ಅವರಿಗೂ ಒಂದು ಕರಾರಿತ್ತು. ಸರಕಿನ ಚೀಲ ಈಚೆ ದಡಕ್ಕೆ ಬಂದ ಕೂಡಲೆ ಶೆಟ್ಟಿ ಹಂಡೆಯ ನೀರಿನಲ್ಲಿ ಗಳಿಗೆ ಬಟ್ಟಲು ತೇಲಿಬಿಡುತ್ತಿದ್ದ. ಬಟ್ಟಲಿನ ತಳದಲ್ಲಿ ಸೂಜಿಯಷ್ಟು ತೂತು. ಅದು ತುಂಬಿ ಮುಳುಗುವುದರೊಳಗೆ ಸರಕು ಆಚೆ ದಡ ಮುಟ್ಟಬೇಕು, ಅಲ್ಲಿ ಕೊಂಬು ಊದಬೇಕು. ಮೂರು ವರ್ಷ ಒಮ್ಮೆಯೂ ತಪ್ಪಲಿಲ್ಲ.

ಆಮೇಲೊಂದು ಮಹಾಪೂರ ಬಂತು. ಮರಳದಿಬ್ಬ ಜರುಗಿತು. ಹರಿಗೋಲು ದೊಡ್ಡ ಸುತ್ತು ಹಾಕಿ ಹೋಗಬೇಕಾಯಿತು.

“ಧಣೇರ, ಹೊಳಿ ದಾರಿ ಬದ್ಲಾಗೇತ್ರಿ. ಎರಡು ಬಟ್ಟಲ ಹೊತ್ತು ಕೊಡ್ರಿ,” ಅಂದ ಹುಲುಗಪ್ಪ.

“ಇಲ್ಲೀತನಕ ತಪ್ಪಿಲ್ಲಲ್ಲೋ! ತಪ್ಪದ ಕರಾರು ಯಾಕ ಬದಲಿಸ್ಲಿ? ಆಗಂಗಿಲ್ಲಂದ್ರ ಹೇಳು, ಬ್ಯಾರೆ ಅಂಬಿಗರ ಅದಾರ.”

ಅಂದಿನಿಂದ ಹುಲುಗಪ್ಪ ಹೊಲಿಗೆ ತಡವುವುದನ್ನು ಬಿಟ್ಟ. ಅದೂ ಸಾಲಲಿಲ್ಲ. ಭಾರ ಇಳಿಯಲೆಂದು ಹೆಂಡತಿಯನ್ನೇ ದಡದಲ್ಲಿ ಬಿಟ್ಟ.

“ನೀರು ಯಾರು ಚೆಲ್ತಾರ?” ಅಂದಳು ದ್ಯಾಮವ್ವ.

“ನೀರು ತುಂಬೋದ್ರಾಗ ಮುಟ್ತೀನಿ, ಬಿಡು.”

ಪ್ರತಿ ಸಲವೂ ಬಟ್ಟಲು ಮುಳುಗುವ ಮುಂಚೆಯೇ ಕೊಂಬು ಕೂಗಿತು. “ನೋಡ್ದೇನವ್ವಾ? ಆಗಂಗಿಲ್ಲ ಅಂತಿದ್ದ ನಿನ್ನ ಗಂಡ!” ಎಂದು ಶೆಟ್ಟಿ ಹಲ್ಲು ಕಿರಿದ.

ಎಂಟನೆಯ ದಿನ ನಡುಹೊಳೆಯಲ್ಲಿ ಹರಿಗೋಲು ಒಂದು ಬದಿಗೆ ವಾಲಿತು. ಸೋರೆಬುರುಡೆ ದಡದಲ್ಲಿ ದ್ಯಾಮವ್ವನ ಕೈಯಲ್ಲೇ ಇತ್ತು.

“ಧಣೇರ, ಹೊಳಿ ನೋಡ್ರಿ! ಯಾರನ್ನಾದ್ರೂ ಕಳಿಸ್ರಿ!”

ಶೆಟ್ಟಿ ಹೊಳೆಗೆ ಬೆನ್ನು ಹಾಕಿ ಹಂಡೆಯ ಮೇಲೆ ಬಗ್ಗಿದ್ದ. “ತಡಿಯವ್ವ, ಬಟ್ಟಲ ಇನ್ನೂ ಮುಳುಗಿಲ್ಲ.”

ಕೊನೆಗೆ ಬಟ್ಟಲು ಗುಳುಕ್ಕೆಂದು ಮುಳುಗಿತು. ಕೊಂಬು ಕೂಗಲಿಲ್ಲ. ಶೆಟ್ಟಿ ತಿರುಗಿ ನೋಡಿದ. ಹೊಳೆ ಖಾಲಿಯಿತ್ತು.

ಶೆಟ್ಟಿ ಎದೆ ಬಡಿದುಕೊಂಡು ಅತ್ತ. ದ್ಯಾಮವ್ವನ ಕಣ್ಣೆದುರೇ ಆ ಬಟ್ಟಲನ್ನು ಕಲ್ಲಿಗೆ ಕುಟ್ಟಿ ಚಪ್ಪಟೆ ಮಾಡಿದ. ಅಲ್ಲಿಂದ ಮುಂದೆ ಪ್ರತಿ ಪೂರ ಇಳಿದ ಮೇಲೂ ಅಂಬಿಗರ ಜೊತೆ ತಾನೇ ಹೊಳೆ ದಾಟಿ, ಅವರನ್ನು ಕೇಳಿ, ಕರಾರನ್ನು ಹೊಸದಾಗಿ ಬರೆಸಿದ.

ನೀತಿ: ಕರಾರು ತಪ್ಪಿಲ್ಲ ಅಂದಮಾತ್ರಕ್ಕೆ ಕೆಲಸ ನೆಟ್ಟಗಿದೆ ಎಂದಲ್ಲ. ಅದನ್ನು ಉಳಿಸಲು ಯಾರು ಏನನ್ನು ಬಿಟ್ಟರು ಎಂದು ಕೇಳಬೇಕು. ಹೊಳೆ ಬದಲಾದರೆ ಕರಾರೂ ಬದಲಾಗಬೇಕು.

ನಿಜ ಹೇಳಿಬಿಡ್ತೀನಿ. ಶೆಟ್ಟಿ ಅತ್ತದ್ದು, ಬಟ್ಟಲು ಕುಟ್ಟಿದ್ದು ನಾನು ಕಟ್ಟಿದ್ದು. ನಾನು ಕೇಳಿದ ಕಥೆಯಲ್ಲಿ ಅವನು ಬಟ್ಟಲನ್ನು ಧೋತರದ ಅಂಚಿನಲ್ಲಿ ಒರೆಸಿಟ್ಟ. ಮರುದಿನ ಬೇರೆ ಅಂಬಿಗ ಬಂದ.